ಬುರುಗು ಕಟ್ಟುವ ವಿದ್ಯೆ

ನಮ್ಮ ಸಂಘದ ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಶಿಲಾಹಾರರ ಶಾಸನಗಳ ಬಗೆಗೋ ಗಡಿಭಾಗದ ಕನ್ನಡ ಶಾಲೆಗಳ ಸ್ಥಿತಿಗತಿಯ ಬಗೆಗೋ ನಾನು ಬರೆಯುವೆನೆಂದು ಅವರು ನಿರೀಕ್ಷಿಸಿದ್ದಿರಬೇಕು. ಆ ಎರಡು ವಿಷಯಗಳ ಮೇಲೆ ಹಿಂದಿನ ಸಂಚಿಕೆಗಳಲ್ಲಿ ಸಾಕಷ್ಟು ಬರೆದು ಓದುಗರ ತಾಳ್ಮೆಯನ್ನು ಪರೀಕ್ಷಿಸಿದ್ದೇನೆ. ಈ ಸಲ ಗಡ್ಡದ ಸಾಬಾಣದ ಬಗ್ಗೆ ಬರೆಯುತ್ತೇನೆ. ನಿವೃತ್ತ ಮುಖ್ಯಾಧ್ಯಾಪಕನಿಗೆ ಇದೆಂಥ ವಿಷಯವೆಂದು ಕೆಲವರು ನಗಬಹುದು. ನಗಲಿ. ಮೂವತ್ತನಾಲ್ಕು ವರ್ಷ ಪಾಠ ಹೇಳಿದ ನಾನು, ನನ್ನ ವಿದ್ಯಾರ್ಥಿಯೊಬ್ಬನ ಮುಂದೆ ಕುಳಿತು ಮೊದಲಿನಿಂದ ಕೊನೆಯವರೆಗೆ ಕಲಿತ ಪಾಠ ಇದೊಂದೇ.

ಪುಸ್ತಕದಲ್ಲಿ ‘ನೊರೆ’ ಎಂದು ಬರೆಯುತ್ತೇವೆ. ನಮ್ಮ ಕಡೆಯ ಬಾಯಲ್ಲಿ ಅದು ‘ಬುರುಗು’. ಕತ್ತಿಗೆ ‘ವಸ್ತರಾ’ ಎಂಬ ಮರಾಠಿ ಮಾತೇ ನಮ್ಮಲ್ಲಿಯೂ ಸಲ್ಲುತ್ತದೆ. ಕ್ಷೌರಿಕನ ಚೀಲಕ್ಕೆ ಮಾತ್ರ ನಮ್ಮದೇ ಆದ ಹಳೆಯ ಹೆಸರಿದೆ: ‘ಹಡಪ’. ಎಲೆಅಡಿಕೆಯ ಚೀಲಕ್ಕೂ ಅದೇ ಹೆಸರು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಬಳಿ ಆ ಚೀಲ ಹಿಡಿದು ನಿಂತವರು ಹಡಪದ ಅಪ್ಪಣ್ಣನವರು. ಅವರೂ ಅವರ ಧರ್ಮಪತ್ನಿ ಲಿಂಗಮ್ಮನವರೂ ವಚನಕಾರರು. ಇದನ್ನು ಪ್ರತಿ ಬಸವ ಜಯಂತಿಯ ದಿನ ನಾನು ಮಕ್ಕಳಿಗೆ ಹೇಳುತ್ತಿದ್ದೆ. ಹೇಳುತ್ತಿದ್ದೆ ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಗಡಹಿಂಗ್ಲಜ ತಾಲೂಕಿನ ನಮ್ಮ ಊರಲ್ಲಿ ನಾನು ಹುಡುಗನಾಗಿದ್ದಾಗ ಗಂಡಸರ ಗಡ್ಡ ತೆಗೆಯುತ್ತಿದ್ದವರು ಹಡಪದ ಕಾಕಾ. ಕೊಲ್ಹಾಪುರ ಸಂಸ್ಥಾನದಲ್ಲಿ ಶಾಹೂ ಮಹಾರಾಜರು 1918ರಲ್ಲಿಯೇ ಬಲುತೇದಾರಿ ಪದ್ಧತಿಯನ್ನು ರದ್ದುಪಡಿಸಿದ್ದರು. ಗಡಹಿಂಗ್ಲಜ ಅದೇ ಸಂಸ್ಥಾನದ್ದು. ಆದರೂ ನಲವತ್ತು ವರ್ಷಗಳ ನಂತರವೂ ಸುಗ್ಗಿಯಲ್ಲಿ ಕಾಕಾ ಕಣದಿಂದ ಕಣಕ್ಕೆ ಹೋಗಿ ಜೋಳ ತರುತ್ತಿದ್ದರು. ವರ್ಷವಿಡೀ ಮನೆಮಂದಿಯ ಗಡ್ಡ, ತಲೆ ನೋಡಿಕೊಂಡದ್ದಕ್ಕೆ ಅದೇ ಆಯ. ಜೋಳದ ಗಿರಾಕಿಗಳಿಗೆ ಸಾಬಾಣವಿರಲಿಲ್ಲ. ಹಿತ್ತಾಳೆಯ ಬಟ್ಟಲಲ್ಲಿ ನೀರು ತೆಗೆದುಕೊಂಡು, ಎರಡು ಬೆರಳು ಅದ್ದಿ ಅದ್ದಿ ಗಲ್ಲವನ್ನು ಬಹಳ ಹೊತ್ತು ತಿಕ್ಕುತ್ತಿದ್ದರು. ಬೇವಿನ ಕಟ್ಟೆಯ ಮೇಲೆ ಕುಳಿತ ರೈತ ಮಳೆಯ ಮಾತಾಡುತ್ತಿದ್ದ, ಸಂಕೇಶ್ವರದ ಪೇಟೆಯಲ್ಲಿ ಮೆಣಸಿನಕಾಯಿಯ ದರದ ಮಾತಾಡುತ್ತಿದ್ದ. ಕಾಕಾ ಹೂಂಗುಟ್ಟುತ್ತ ತಿಕ್ಕುತ್ತಲೇ ಇರುತ್ತಿದ್ದರು. ನಂತರ ಕತ್ತಿ. ಸಾಬಾಣದ ಬಟ್ಟಲು ಹೊರಗೆ ಬರುತ್ತಿದ್ದದ್ದು ರೊಕ್ಕ ಕೊಡುವ ಮೂರು ನಾಲ್ಕು ಮನೆಗಳವರಿಗೆ ಮತ್ತು ಅರಿಷಿಣ ಹಚ್ಚುವ ಮುನ್ನ ಮದುಮಗನಿಗೆ. ‘ಸಾಬಾಣದ ದಾಡಿ’ ಎಂಬುದು ನಮ್ಮೂರಲ್ಲಿ ಒಂದು ದರ್ಜೆ. ನಮ್ಮ ತಂದೆಯವರು ಜೋಳದ ದರ್ಜೆಯವರು.

ನೀರು ತಿಕ್ಕುವ ಆ ಕೆಲಸವನ್ನು ನಾನು ಬಡತನದ ಗುರುತೆಂದು ತಿಳಿದಿದ್ದೆ. ಅದರಲ್ಲಿ ವಿದ್ಯೆಯ ಮುಕ್ಕಾಲು ಭಾಗ ಇತ್ತೆಂದು ತಿಳಿಯಲು ನನಗೆ ನಲವತ್ತು ದಾಟಬೇಕಾಯಿತು.

ಬಿ.ಎ.ಗೆ ಕೊಲ್ಹಾಪುರಕ್ಕೆ ಬಂದು, ಶಾಹೂ ಮಹಾರಾಜರ ಕಾಲದಿಂದ ನಡೆದುಬಂದ ವಸತಿಗೃಹಗಳಲ್ಲೊಂದರಲ್ಲಿ ಉಳಿದೆ. ಕೋಣೆಯ ನಾಲ್ವರಿಗೆ ಸೇರಿ ಒಂದು ಗೋದ್ರೆಜ್ ದುಂಡು ಸಾಬಾಣ, ಒಂದು ಬ್ರಷ್. ಮೈಸಾಬಾಣವನ್ನೇ ಮುಖಕ್ಕೆ ತಿಕ್ಕಿ ಸೇಫ್ಟಿ ರೇಜರ್ ಎಳೆದದ್ದೂ ಉಂಟು. ಉರಿ, ಗೀರು, ಕಾಲೇಜಿಗೆ ಹೊತ್ತಾಯಿತೆಂಬ ಅವಸರ. ಇಪ್ಪತ್ತು ವರ್ಷ ಹೀಗೆಯೇ ಗಡ್ಡ ಬೋಳಿಸಿಕೊಂಡೆ. ಹೆಚ್ಚು ಹೇಳಲು ಅಲ್ಲಿ ಏನೂ ಇಲ್ಲ.

ಬಿ.ಎಡ್. ಮುಗಿಸಿ ನಮ್ಮೂರಿನ ಶಾಲೆಗೇ ಮೇಷ್ಟ್ರಾಗಿ ಬಂದೆ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಎಂಟನೆಯ ತರಗತಿಯಲ್ಲಿ ಹಡಪದ ಕಾಕಾ ಅವರ ಮಗ ಕಲಿಯುತ್ತಿದ್ದ. ಅಕ್ಷರ ದುಂಡಾಗಿತ್ತು, ವ್ಯಾಕರಣ ಹತ್ತುತ್ತಿರಲಿಲ್ಲ. ಒಂದು ದಿನ ಸವರ್ಣದೀರ್ಘ ಸಂಧಿಗೆ ಉದಾಹರಣೆ ಕೇಳಿದೆ. ನಿಂತುಕೊಂಡ, ಬಾಯಿ ಬಿಡಲಿಲ್ಲ. ನಾನು ಹೇಳಿದ ಮಾತನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ: “ನಿನಗ್ಯಾಕೋ ಸಂಧಿ ಸಮಾಸ? ನಾಳೆ ಹಡಪ ಹಿಡಕೊಂಡು ಗಡ್ಡ ಕೆರೆಯಾಕ ಹೋಗಾವ ನೀ.” ತರಗತಿ ನಕ್ಕಿತು. ಮೇಷ್ಟ್ರ ಮಾತಿಗೆ ಮಕ್ಕಳು ನಕ್ಕರೆ ಮೇಷ್ಟ್ರಿಗೆ ಒಂದು ಬಗೆಯ ಸುಖವಾಗುತ್ತದೆ, ನನಗೂ ಆಯಿತು. ದೀಪಾವಳಿ ರಜೆಯ ನಂತರ ಆ ಹುಡುಗ ಶಾಲೆಗೆ ಬರಲಿಲ್ಲ. ಮನೆಯಲ್ಲಿ ಬಡತನವಿತ್ತು, ಕಾಕಾ ಅವರಿಗೆ ಕೆಮ್ಮು ಹತ್ತಿತ್ತು. ನನ್ನ ಮಾತಿನಿಂದಲೇ ಬಿಟ್ಟನೆಂದು ಹೇಳಲಾರೆ. ಅಲ್ಲವೆಂದೂ ಹೇಳಲಾರೆ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದವನು ನಾನೇ.

ಮುಂದೆ ನಾನು ಇಚಲಕರಂಜಿಗೆ ಬಂದೆ. 1904ರಲ್ಲಿ ಮೊದಲ ಯಂತ್ರಮಗ್ಗ ಬಂದ ಊರು ಇದು. ಜಿಲೆಟ್ ಸೇಫ್ಟಿ ರೇಜರಿಗೆ ಅಮೆರಿಕದಲ್ಲಿ ಪೇಟೆಂಟು ದೊರೆತದ್ದೂ ಅದೇ ವರ್ಷ. ಇತಿಹಾಸ ಕಲಿಸಿದವನಿಗೆ ಇಂಥ ಕಾಕತಾಳೀಯಗಳು ಕಣ್ಣಿಗೆ ಬೀಳದೆ ಇರುವುದಿಲ್ಲ. ಮಗ್ಗಗಳಿಗೆ ಊರೂರಿಂದ ಜನ ಬಂದರು, ಜನ ಬಂದಲ್ಲಿ ಕಟಿಂಗ್ ಅಂಗಡಿಗಳೂ ಬಂದವು.

1993ರಲ್ಲಿ ತಂದೆಯವರಿಗೆ ಪಾರ್ಶ್ವವಾಯು ಬಡಿಯಿತು. ಊರಿಂದ ಇಲ್ಲಿಗೆ ಕರೆತಂದೆವು. ಬಲಭಾಗ ಸತ್ತಿತ್ತು, ಮಾತು ನಿಂತಿತ್ತು, ಗಡ್ಡ ಮಾತ್ರ ಎಂದಿನಂತೆ ಬೆಳೆಯುತ್ತಿತ್ತು. ನಾನೇ ಬೋಳಿಸಲು ಹೋದೆ. ಟ್ಯೂಬಿನ ಕ್ರೀಮು, ತಣ್ಣೀರು, ಹೊಸ ಬ್ಲೇಡು. ಇಳಿಬಿದ್ದ ಗಲ್ಲದ ಚರ್ಮ ಬ್ಲೇಡಿನೊಂದಿಗೇ ಬಂತು. ಗದ್ದದ ಕೆಳಗೆ ಗಾಯವಾಗಿ ರಕ್ತ ಧೋತರದ ಮೇಲೆ ಇಳಿಯಿತು. ಅವರಿಗೆ ಹೇಳಲು ಬಾಯಿಲ್ಲ, ಎಡಗೈಯಿಂದ ನನ್ನ ಕೈಯನ್ನು ದೂಡಿದರು. ಅಂದು ಓಣಿಯ ತುದಿಯ ಅಂಗಡಿಯವನನ್ನು ಕರೆಯಲು ನನ್ನ ಮಗನನ್ನು ಕಳಿಸಿದೆ. ಬಂದವನು ಹಡಪದ ಕಾಕಾ ಅವರ ಮಗ. ನಾನು ಗುರುತಿಸುವ ಮೊದಲೇ ಅವನು ಗುರುತಿಸಿದ. “ಗುರುಗಳ, ಅಜ್ಜಾರಿಗೆ ಏನಾತ್ರಿ?” ಎಂದ.

ಅವನು ಮಾಡಿದ್ದನ್ನು ಸಾವಕಾಶ ಹೇಳಬೇಕು. ಮೊದಲು ಬಿಸಿನೀರು ಕೇಳಿದ. ಹಿತ್ತಾಳೆಯ ಬಟ್ಟಲಲ್ಲಿದ್ದ ದುಂಡು ಸಾಬಾಣದ ಮೇಲೆ ಒಂದು ಚಮಚೆಯಷ್ಟು ಸುರಿದು ಹಾಗೆಯೇ ಇಟ್ಟ. ಬ್ರಷ್ಷನ್ನು ಬೇರೆ ಲೋಟದ ನೀರಲ್ಲಿ ಮುಳುಗಿಸಿದ. ಬಿಸಿನೀರಲ್ಲಿ ಹಿಂಡಿದ ಪಂಚೆಯನ್ನು ತಂದೆಯವರ ಗಲ್ಲ, ಗದ್ದಕ್ಕೆ ಹೊದಿಸಿ, ಮೇಲಿಂದ ಅಂಗೈ ಇಟ್ಟು ಕುಳಿತ. ಮೂರು ನಾಲ್ಕು ನಿಮಿಷ ಏನೂ ಮಾಡಲಿಲ್ಲ. ನನಗೆ ತಾಳ್ಮೆ ತಪ್ಪುತ್ತಿತ್ತು. ಅವನೆಂದ: “ಬುರುಗು ಮಾರಿಗಿ ಹಚ್ಚೂದಲ್ಲರಿ ಗುರುಗಳ. ಕೂದಲಕ್ಕ ನೀರ ಕುಡಸೂದು. ನೀರ ಕುಡದ ಕೂದಲಾ ಕತ್ತಿಗಿ ಜಗಳಾ ತಗ್ಯಾಂಗಿಲ್ಲ.”

ಬೇವಿನ ಕಟ್ಟೆಯ ಮೇಲೆ ಅವನ ತಂದೆ ಎರಡು ಬೆರಳಿಂದ ಮಾಡುತ್ತಿದ್ದದ್ದು ಇದೇ. ಒಣಕೂದಲು ತಂತಿಯಂತೆ ಬಿರುಸು. ಎರಡು ಮೂರು ನಿಮಿಷ ನೀರುಂಡರೆ ಅದು ಉಬ್ಬಿ ಮೆತ್ತಗಾಗುತ್ತದೆ. ಸಾಬಾಣ ಕೂದಲ ಮೇಲಿನ ಎಣ್ಣೆಯನ್ನು ತೆಗೆದು ನೀರಿಗೆ ದಾರಿ ಮಾಡುತ್ತದೆ, ಆ ನೀರು ಆರಿಹೋಗದಂತೆ ಹಿಡಿದಿಡುತ್ತದೆ, ಕತ್ತಿ ಜಾರುವಂತೆ ಮಾಡುತ್ತದೆ. ಬುರುಗಿನ ಕೆಲಸ ಇಷ್ಟೇ, ಉಳಿದದ್ದು ಅಲಂಕಾರ.

ನಂತರ ಬ್ರಷ್ಷನ್ನು ಝಾಡಿಸಿ, ಸಾಬಾಣದ ಮೇಲಿನ ನೀರನ್ನು ಚೆಲ್ಲಿ, ಮೆತ್ತಗಾದ ಮೇಲ್ಪದರದ ಮೇಲೆ ಬ್ರಷ್ ಆಡಿಸತೊಡಗಿದ. ಒತ್ತಲಿಲ್ಲ. ಮೊದಲು ಸೋಪಿನ ನೀರಿನಂಥ ಗುಳ್ಳೆಗಳು ಬಂದವು; ಅವನ್ನು ಲೆಕ್ಕಿಸಲಿಲ್ಲ. ಸ್ವಲ್ಪ ಹೊತ್ತಿಗೆ ಗುಳ್ಳೆ ಹೋಗಿ ಅಂಟಿನಂಥದು ಬ್ರಷ್ಷಿಗೆ ಹತ್ತಿತು. ಅದನ್ನು ಒಯ್ದು ತಂದೆಯವರ ಗಲ್ಲದ ಮೇಲೆ ಸುತ್ತಿಸಿದ. ಬ್ರಷ್ಷಿನ ತುದಿಗೆ ಒಂದೆರಡು ಹನಿ ನೀರು, ಮತ್ತೆ ಸುತ್ತು, ಮತ್ತೆರಡು ಹನಿ. ಶ್ರೀಖಂಡದಷ್ಟು ಗಟ್ಟಿಯಲ್ಲ, ಮಜ್ಜಿಗೆಯಷ್ಟು ನೀರೂ ಅಲ್ಲ, ಕಡೆದ ಮೊಸರಿನ ಹದ. ಕಣ್ಣಿಗೆ ಒಂದು ಗುಳ್ಳೆಯೂ ಕಾಣಿಸುತ್ತಿರಲಿಲ್ಲ, ಬಿಳುಪಿನ ಮೇಲೆ ತೆಳುವಾದ ಹೊಳಪಿತ್ತು. ಎಂಟು ದಿನಗಳಿಂದ ಸೂರು ನೋಡುತ್ತ ಮಲಗಿದ್ದ ತಂದೆಯವರು ಆಗ ಕಣ್ಣು ಮುಚ್ಚಿದರು. ಜೋಳದ ದರ್ಜೆಯ ಗಿರಾಕಿಗೆ ಸಾಬಾಣದ ದಾಡಿ. ಕತ್ತಿ ಬಂದದ್ದು, ಹೋದದ್ದು ಅವರಿಗೆ ತಿಳಿಯಲೇ ಇಲ್ಲ.

ಅವನು ವಾರಕ್ಕೆ ಎರಡು ಸಲ ಬಂದ, ತಂದೆಯವರು ತೀರಿಕೊಳ್ಳುವವರೆಗೆ, ಏಳು ತಿಂಗಳು. ಹಣ ಕೊಟ್ಟರೆ ತೆಗೆದುಕೊಳ್ಳುತ್ತಿದ್ದ, ಅಂಗಡಿಯ ದರಕ್ಕಿಂತ ಒಂದು ರೂಪಾಯಿಯನ್ನೂ ಹೆಚ್ಚು ಮುಟ್ಟುತ್ತಿರಲಿಲ್ಲ. ನಾನು ಹಾಸಿಗೆಯ ಪಕ್ಕದಲ್ಲಿ ಕುಳಿತು ನೋಡುತ್ತಿದ್ದೆ. ಕೊನೆಗೊಂದು ದಿನ ನನಗೂ ಕಲಿಸು ಎಂದೆ. ಆ ಹೊತ್ತಿಗೆ ಎಚ್‌.ಐ.ವಿ.ಯ ಭಯದಿಂದ ಅಂಗಡಿಗಳಲ್ಲಿ ಹಳೆಯ ಕತ್ತಿ ಹೋಗಿ, ಗಿರಾಕಿಗೊಂದು ಅರ್ಧ ಬ್ಲೇಡು ಮುರಿದು ಸಿಕ್ಕಿಸುವ ವಸ್ತರಾ ಬಂದಿತ್ತು. ಅವನ ತಂದೆಯ ಕತ್ತಿ ಹಡಪದಲ್ಲಿಯೇ ಬಿದ್ದಿತ್ತು. ಶೆಫೀಲ್ಡ್ ಎಂಬ ಅಕ್ಷರಗಳು ಅರ್ಧ ಸವೆದಿದ್ದವು. ಸಾಣೆ ಹಿಡಿದು, ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಎಳೆದು ತೋರಿಸಿ, ನನ್ನ ಕೈಗೆ ಕೊಟ್ಟ. ಒಬ್ಬರ ಮುಖಕ್ಕೆ ಒಂದೇ ಕತ್ತಿಯಾದರೆ ರೋಗದ ಭಯವಿಲ್ಲವಲ್ಲ.

ಕತ್ತಿಯ ಬಗ್ಗೆ ಎರಡೇ ಮಾತು. ಚರ್ಮಕ್ಕೆ ಸುಮಾರು ಮೂವತ್ತು ಡಿಗ್ರಿಯ ಓರೆ, ಕೈಯಲ್ಲಿ ಭಾರ ಹಾಕದಿರುವುದು. ಸೇಫ್ಟಿ ರೇಜರಿಗೆ ಕೆಟ್ಟ ಬುರುಗೂ ನಡೆಯುತ್ತದೆ, ಅದರ ದಂಡೆ ಚರ್ಮವನ್ನು ಕಾಯುತ್ತದೆ. ತೆರೆದ ಕತ್ತಿಗೂ ಚರ್ಮಕ್ಕೂ ನಡುವೆ ಬುರುಗನ್ನು ಬಿಟ್ಟು ಇನ್ನೇನೂ ಇಲ್ಲ. ಆದ್ದರಿಂದ ಸಾಬಾಣವನ್ನು ಆರಿಸುವಲ್ಲಿ ಉದಾಸೀನ ಸಲ್ಲದು.

ನಾನು ವಿಜ್ಞಾನದವನಲ್ಲ, ಸಹೋದ್ಯೋಗಿಗಳನ್ನು ಕೇಳಿ ತಿಳಿದದ್ದನ್ನು ಹೇಳುತ್ತೇನೆ. ಮೈಸಾಬಾಣವನ್ನು ಕಾಸ್ಟಿಕ್ ಸೋಡಾದಿಂದ ಮಾಡುತ್ತಾರೆ. ಅದು ಗಟ್ಟಿ, ಬೇಗ ಸವೆಯದು, ಅದರ ನೊರೆಯೂ ಬೇಗ ಆರುತ್ತದೆ. ಗಡ್ಡದ ಸಾಬಾಣದಲ್ಲಿ ಕಾಸ್ಟಿಕ್ ಪೊಟ್ಯಾಶ್ ಸೇರಿರುತ್ತದೆ, ಆದ್ದರಿಂದ ಅದು ನೀರಿಗೆ ಬೇಗ ಕರಗಿ ಬ್ರಷ್ಷಿಗೆ ಹತ್ತುತ್ತದೆ. ಕೊಬ್ಬರಿ ಎಣ್ಣೆಯ ಪಾಲು ಹೆಚ್ಚಾದರೆ ನೊರೆ ಭರ್ರನೆ ಏಳುತ್ತದೆ, ಅಷ್ಟೇ ಬೇಗ ಇಳಿಯುತ್ತದೆ; ಚುನಾವಣೆಯ ಭಾಷಣದಂತೆ. ದಟ್ಟವಾದ, ನಿಲ್ಲುವ ಬುರುಗು ಬರುವುದು ಸ್ಟಿಯರಿಕ್ ಆಮ್ಲದಿಂದ, ಮೇಣಬತ್ತಿಗೆ ಬಳಸುವ ಅದೇ ಮೇಣದಂಥ ವಸ್ತು. ಗ್ಲಿಸರಿನ್ ಇದ್ದರೆ ಬುರುಗು ಮುಖದ ಮೇಲೆ ಬೇಗ ಒಣಗುವುದಿಲ್ಲ. ಪೊಟ್ಟಣದ ಮೇಲಿನ ಸಣ್ಣಕ್ಷರದ ಪಟ್ಟಿಯಲ್ಲಿ ಸ್ಟಿಯರಿಕ್ ಆಮ್ಲವೋ ಪೊಟ್ಯಾಸಿಯಂ ಸ್ಟಿಯರೇಟೋ ಮೊದಲಲ್ಲೇ ಕಾಣಿಸಿದರೆ ಧೈರ್ಯವಾಗಿ ಕೊಳ್ಳಬಹುದು. ಸುವಾಸನೆಗೆ ಮರುಳಾಗಬಾರದು. ಡಬ್ಬಿಯ ಗುಂಡಿ ಒತ್ತಿದರೆ ಬುಸ್ಸೆಂದು ಬರುವ ನೊರೆಯನ್ನು ಪುಣೆಯ ಮೊಮ್ಮಗ ತಂದುಕೊಟ್ಟಿದ್ದಾನೆ. ಅದರಲ್ಲಿ ಗಾಳಿಯೇ ಬಹಳ.

ನಮ್ಮ ಭಾಗದಲ್ಲಿ ಇನ್ನೊಂದು ಪ್ರಶ್ನೆಯಿದೆ. ನನ್ನ ಜೈನ ಸಹೋದ್ಯೋಗಿಯೊಬ್ಬರಿಗೆ ಮಗ ಇಂಗ್ಲೆಂಡಿನಿಂದ ಮರದ ಬಟ್ಟಲಿನಲ್ಲಿದ್ದ ಒಂದು ಉತ್ತಮ ಸಾಬಾಣ ತಂದಿದ್ದ. ಪಟ್ಟಿಯಲ್ಲಿ ಸೋಡಿಯಂ ಟ್ಯಾಲೋವೇಟ್ ಎಂದಿತ್ತು. ಹಾಗೆಂದರೇನೆಂದು ನನ್ನನ್ನು ಕೇಳಿದರು. ಪ್ರಾಣಿಯ ಕೊಬ್ಬಿನಿಂದ ಮಾಡಿದ್ದೆಂದು ಹೇಳಲೋ ಬೇಡವೋ ಎಂದು ಒಂದು ಗಳಿಗೆ ತಡೆದು, ಹೇಳಿದೆ. ಯುರೋಪಿನ ಹಳೆಯ ಗಡ್ಡದ ಸಾಬಾಣಗಳು ಹೆಚ್ಚಾಗಿ ಆ ಕೊಬ್ಬಿನವೇ, ಬುರುಗೂ ಅದರದು ಸೊಗಸು. ಅವರು ಬಟ್ಟಲನ್ನು ಮುಚ್ಚಿ, ಸೊಸೆಗೆ ಕೈತೊಳೆಯಲು ನೀರು ಕೇಳಿದರು. 1918ರಲ್ಲಿ ಗೋದ್ರೆಜ್‌ನವರು ‘ಚಾವಿ’ ಎಂಬ ಸಾಬಾಣವನ್ನು ಪ್ರಾಣಿಯ ಕೊಬ್ಬಿಲ್ಲದೆ, ಸಸ್ಯಜನ್ಯ ಎಣ್ಣೆಯಿಂದ ಮಾಡಿ ಮಾರಿದಾಗ ಅದಕ್ಕೆ ದೇಶದಲ್ಲಿ ದೊರೆತ ಮರ್ಯಾದೆ ಏಕೆಂಬುದು ನನಗೆ ಅಂದು ತಿಳಿಯಿತು. ಸಸ್ಯಾಹಾರಿ ಮನೆಯವರು ಪಟ್ಟಿಯನ್ನು ಓದಿಯೇ ಕೊಳ್ಳಲಿ. ತಾಳೆಣ್ಣೆಯಿಂದ ತೆಗೆದ ಸ್ಟಿಯರಿಕ್ ಆಮ್ಲದ ಸಾಬಾಣವೂ ಕೆಲಸದಲ್ಲಿ ಕಡಿಮೆಯೇನಲ್ಲ.

ಸಾಬಾಣ ಎಷ್ಟು ಒಳ್ಳೆಯದಿದ್ದರೂ ನೀರು ಕೆಟ್ಟದ್ದಾದರೆ ವ್ಯರ್ಥ. ಹಿರಣ್ಯಕೇಶಿಯ ನೀರಿಗೆ ಏಳುತ್ತಿದ್ದ ಬುರುಗು ಇಚಲಕರಂಜಿಯ ನಮ್ಮ ಕೊಳವೆಬಾವಿಯ ನೀರಿಗೆ ಏಳಲೇ ಇಲ್ಲ. ಒಡೆದ ಹಾಲಿನಂತೆ ಬಿಳಿಯ ಚೂರುಗಳಾಗಿ ಬಟ್ಟಲಿನ ಅಂಚಿಗೆ ಹತ್ತಿತು. ಸಾಬಾಣ ಕೆಟ್ಟಿದೆಯೆಂದು ಅಂಗಡಿಯವನೊಡನೆ ಜಗಳಕ್ಕೆ ಹೋದೆ. ತಪ್ಪು ಅವನದಲ್ಲ, ನೀರಿನಲ್ಲಿ ಕರಗಿದ ಸುಣ್ಣದ ಅಂಶದ್ದು. ಅದು ಸಾಬಾಣವನ್ನು ಹಿಡಿದು ಕೂಡಿಸಿಬಿಡುತ್ತದೆ. ಕುದಿಸಿ, ತಣಿಸಿ, ತಿಳಿ ಬಸಿದುಕೊಂಡರೆ ಒಂದು ಬಗೆಯ ಗಡಸು ಹೋಗುತ್ತದೆ, ಇನ್ನೊಂದು ಬಗೆಯದು ಹೋಗುವುದಿಲ್ಲ. ಎಂಟನೆಯ ತರಗತಿಯ ಪಾಠವನ್ನು ನಾನು ಗಡ್ಡದಿಂದ ಕಲಿತೆ. ಮಳೆಗಾಲದಲ್ಲಿ ತಗಡಿನಿಂದ ಇಳಿಯುವ ನೀರನ್ನು ನಾನು ಬಿಂದಿಗೆಯಲ್ಲಿ ಹಿಡಿದಿಡುತ್ತೇನೆ. ಕಡಲೆಕಾಳಿನಷ್ಟು ಸಾಬಾಣಕ್ಕೆ ಆ ನೀರಿನಲ್ಲಿ ಬರುವ ಬುರುಗು ಬೇರೆಯೇ. ಮನೆಯವರು ನಗುತ್ತಾರೆ.

ಬ್ರಷ್ಷಿನ ವಿಷಯ: ಹಂದಿಯ ಕೂದಲಿನದಾದರೆ ನೆನೆಸಬೇಕು, ನೈಲಾನಿನದಾದರೆ ಬೇಕಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಸರಿಯಾಗಿ ಶುದ್ಧಿಮಾಡದ ಕುದುರೆ ಕೂದಲಿನ ಬ್ರಷ್ಷುಗಳಿಂದ ಸೈನಿಕರಿಗೆ ಆಂಥ್ರಾಕ್ಸ್ ರೋಗ ತಗುಲಿತ್ತೆಂದು ಓದಿ, ನಾನು ನೈಲಾನಿಗೆ ಬಂದೆ. ಕೊನೆಯಲ್ಲಿ ತಣ್ಣೀರು, ಒದ್ದೆ ಮುಖದ ಮೇಲೆ ಒಂದು ಸಲ ತುರಟಿ. ಮಳೆಗಾಲದಲ್ಲಿ ಪಂಚಗಂಗೆಯ ಕೆಂಪು ನೀರು ತಿಳಿಯಾಗಲೆಂದು ತಾಯಂದಿರು ಕೊಡದಲ್ಲಿ ತಿರುವುತ್ತಿದ್ದದ್ದು ಅದೇ ತುರಟಿ.

ಈ ಪಾಠಗಳೆಲ್ಲ ಒಂದೇ ದಿನ ಆದವಲ್ಲ. ಭಾನುವಾರ ಮಧ್ಯಾಹ್ನ ಅಂಗಡಿ ತೆರವಾದ ಮೇಲೆ ಹೋಗಿ ಕುಳಿತುಕೊಳ್ಳುತ್ತಿದ್ದೆ. ಅವನು ಕನ್ನಡಿಯಲ್ಲಿ ನೋಡುತ್ತ ನನ್ನ ತಪ್ಪು ತಿದ್ದುತ್ತಿದ್ದ. ನಾನು ಅವಸರಪಟ್ಟು ಒಮ್ಮೆಗೇ ನೀರು ಹಾಕಿ ಬುರುಗನ್ನು ಕೆಡಿಸಿದರೆ ಬೈಯುತ್ತಿರಲಿಲ್ಲ. ಮುಖ ತೊಳೆದು ಮತ್ತೆ ಮೊದಲಿನಿಂದ ಮಾಡಿಸುತ್ತಿದ್ದ. ಮೂರನೆಯ ಸಲವೂ ಕೆಟ್ಟ ಒಂದು ಭಾನುವಾರ ನನಗೆ ತಡೆಯಲಾಗಲಿಲ್ಲ. ಮುಖದ ತುಂಬ ಬುರುಗು ಇದ್ದಾಗಲೇ ಕೇಳಿದೆ: “ಎಂಟನೇ ಇಯತ್ತೆಯೊಳಗ ನಾ ನಿನಗೊಂದು ಮಾತ ಅಂದಿದ್ದೆ. ನೆನಪೈತೇನು?”

ಅವನು ಬ್ರಷ್ ತೊಳೆಯುತ್ತಿದ್ದ. “ನೆನಪೈತ್ರಿ ಗುರುಗಳ” ಎಂದ. ಸ್ವಲ್ಪ ತಡೆದು, “ಅಪ್ಪಗ ಹೇಳಿರಲಿಲ್ಲರಿ. ನಿಮ್ಮ ಅಪ್ಪಾರ ದಾಡಿ ಅವನ ಮಾಡ್ತಿದ್ದನಲ್ಲ” ಎಂದ.

ತಪ್ಪಾಯಿತೆಂದು ಹೇಳಿದೆ. ಹೇಳಿದೆನೋ, ಬುರುಗಿನೊಳಗೆ ಗೊಣಗಿದೆನೋ. ಅವನು ಅದಕ್ಕೆ ಏನೂ ಅನ್ನಲಿಲ್ಲ. “ಒಣಗಾಕತ್ತೇತ್ರಿ, ಕತ್ತಿ ತಗೊಳ್ರಿ” ಎಂದ. ಅವನ ಮಗಳು ಆಗ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ. ಅವಳಿಗೆ ಹತ್ತನೆಯವರೆಗೆ ವ್ಯಾಕರಣ ಹೇಳಿಕೊಟ್ಟೆ. ಅದನ್ನು ಋಣ ತೀರಿಸಿದ ಲೆಕ್ಕದಲ್ಲಿ ನಾನು ಬರೆದುಕೊಂಡಿಲ್ಲ. ಅವಳು ಜಾಣೆ, ನಾನಿಲ್ಲದಿದ್ದರೂ ಕಲಿಯುತ್ತಿದ್ದಳು.

ಈಗ ಎರಡು ವರ್ಷಗಳಿಂದ ನನ್ನ ಬಲಗೈ ನಡುಗುತ್ತದೆ. ಕತ್ತಿಯನ್ನು ಎಣ್ಣೆ ಸವರಿ ಅರಿವೆಯಲ್ಲಿ ಸುತ್ತಿ ಅವನಿಗೇ ಹಿಂದಿರುಗಿಸಿದೆ. ಭಾನುವಾರ ಬೆಳಿಗ್ಗೆ ಅಂಗಡಿ ತೆರೆಯುವ ಮುನ್ನ ಅವನು ಮನೆಗೆ ಬರುತ್ತಾನೆ. ತಲೆ ಅವನದೂ ನೆರೆತಿದೆ. ಕತ್ತಿ ಅವನ ಕೈಯಲ್ಲಿ, ಬುರುಗು ಮಾತ್ರ ನಾನೇ ಕಟ್ಟಬೇಕೆಂಬುದು ನಮ್ಮ ಒಪ್ಪಂದ. ನಡುಗುವ ಕೈಗೆ ಬ್ರಷ್ ಸುತ್ತಿಸುವುದು ಕಷ್ಟವಾಗುವುದಿಲ್ಲ. ಅವನು ಚಹಾ ಕುಡಿಯುತ್ತ ಕಾಯುತ್ತಾನೆ. ಕಳೆದ ಭಾನುವಾರ ಬಟ್ಟಲು ಇಳಿಸಿ, ಆಯಿತೆಂದು ಅವನತ್ತ ನೋಡಿದೆ. ಅವನು ಹತ್ತಿರ ಬಂದು ನನ್ನ ಗಲ್ಲದ ಮೇಲಿನ ಬುರುಗನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದ.

“ಇನ್ನೆರಡ ಹನಿ ನೀರ ಬೇಕಿತ್ತರಿ ಗುರುಗಳ.”

ಹಾಕಿಕೊಂಡೆ.